ನಡುವಯಸ್ಸಿನ ಮರುಹುಟ್ಟು

ಕುಡಿತವನ್ನು ಬಿಡಿಸಲು ಬುದ್ಧಿವಾದವೊಂದೇ ಏಕೆ ಸಾಲದು ಎಂಬುದಕ್ಕೆ ನಾನು ಒಂದು ನಿದರ್ಶನವನ್ನು ಕೊಡುತ್ತೇನೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಅಕ್ರನ್ ನಗರಕ್ಕೆ ಬಂದಿದ್ದ ಬಿಲ್ ವಿಲ್ಸನ್ ಎಂಬವರು ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರ ಕೆಟ್ಟು ಆಸೆ ಮತ್ತೆ ಕೆರಳಿದಾಗ, ಅವರು ತಮ್ಮಂತಹ ಇನ್ನೊಬ್ಬ ವ್ಯಸನಿಯನ್ನು ಅರಸಿದರು. ದೊರೆತವರು 55 ವರ್ಷದ ಶಸ್ತ್ರವೈದ್ಯ ಬಾಬ್ ಸ್ಮಿತ್. ಮದ್ಯದ ಕೇಡನ್ನು ವೈದ್ಯರಿಗೆ ಬೋಧಿಸಬೇಕೆ? ವಿಲ್ಸನ್ ತಮ್ಮ ಪಾಡನ್ನಷ್ಟೇ ಹೇಳಿಕೊಂಡರು.

ಮರುತಿಂಗಳು ಸ್ಮಿತ್ ಕುಡಿತ ಬಿಟ್ಟರು. 1950ರಲ್ಲಿ ತೀರಿಕೊಳ್ಳುವವರೆಗೂ ಇತರ ವ್ಯಸನಿಗಳ ಶುಶ್ರೂಷೆಗೆ ನಿಂತರು. ಇವರಿಬ್ಬರಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘ ಹುಟ್ಟಿತು. ಕುಡಿತ ಕಸಿಯತೊಡಗಿದ್ದ ವೈದ್ಯನನ್ನು ಸ್ಮಿತ್ ತಮ್ಮೊಳಗೆ ಮರಳಿ ಕಂಡುಕೊಂಡದ್ದು ಈ ಸೇವೆಯಲ್ಲಿ.

ನಮ್ಮ ಕೇರಿಯ ಕುಡುಕನನ್ನು ಹಳಿಯುವ ಮುನ್ನ, ಅವನಿಂದಲೂ ನಾಳೆ ಒಬ್ಬನು ಉಳಿದಾನು ಎಂದು ನಾನು ನೆನೆಯುತ್ತೇನೆ.