ಎರಡು ಬೆರಳಿಗೆ ಪುಟ ಸರಿಯದೇ? ದುರಸ್ತಿಗೆ ಮುನ್ನ ಸೆಟ್ಟಿಂಗ್ಸ್ ನೋಡಿ

ಹೊಸ ಲ್ಯಾಪ್‌ಟಾಪ್ ಕೊಂಡ ಹಲವರನ್ನು ಮೊದಲ ದಿನವೇ ಕಾಡುವ ತೊಂದರೆಯೊಂದಿದೆ. ಟಚ್‌ಪ್ಯಾಡ್ ಮೇಲೆ ಎರಡು ಬೆರಳಿಟ್ಟು ಎಳೆದರೂ ಪರದೆಯ ಪುಟ ಕದಲುವುದಿಲ್ಲ. ಕದಲಿದರೂ ಎಣಿಸಿದ್ದಕ್ಕೆ ವಿರುದ್ಧ ದಿಕ್ಕಿಗೆ ಓಡುತ್ತದೆ. ಯಂತ್ರ ಕೆಟ್ಟಿದೆಯೆಂದು ದುರಸ್ತಿ ಅಂಗಡಿಯ ಮೆಟ್ಟಿಲೇರುವವರೂ ಉಂಟು. ಆದರೆ ಅನೇಕ ಬಾರಿ ದೋಷವಿರುವುದು ಯಂತ್ರದಲ್ಲಲ್ಲ, ಅದರ ಹೊಂದಾಣಿಕೆಯಲ್ಲಿ.

ಬೆರಳಿನ ಲೆಕ್ಕ

ಟಚ್‌ಪ್ಯಾಡ್‌ನ ನುಣುಪಾದ ಮೇಲ್ಮೈಯ ಕೆಳಗೆ ವಿದ್ಯುದ್ವಾಹಕ ಎಳೆಗಳ ಜಾಲವಿರುತ್ತದೆ. ಬೆರಳು ತಾಗಿದಲ್ಲಿ ಅದರ ವಿದ್ಯುತ್ ಧಾರಣೆ ಬದಲಾಗುತ್ತದೆ. ಈ ಬದಲಾವಣೆಯಿಂದಲೇ ಬೆರಳುಗಳೆಷ್ಟು, ಎತ್ತ ಸಾಗುತ್ತಿವೆ ಎಂಬುದು ತಿಳಿಯುತ್ತದೆ. ಒಂದು ಬೆರಳಾದರೆ ಬಾಣದ ಗುರುತು ಚಲಿಸುತ್ತದೆ, ಎರಡಾದರೆ ಪುಟ ಸರಿಯುತ್ತದೆ. ಕೈ ಒದ್ದೆಯಾಗಿದ್ದರೆ ಲೆಕ್ಕ ತಪ್ಪುವುದೂ ಇದೇ ಕಾರಣಕ್ಕೆ.

ಹಿಂದಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಫಲಕದ ಬಲ ಅಂಚಿನ ಮೇಲೆ ಬೆರಳಾಡಿಸಬೇಕಿತ್ತು. 2005ರಲ್ಲಿ ಆಪಲ್ ತನ್ನ ಪವರ್‌ಬುಕ್‌ಗಳಲ್ಲಿ ಎರಡು ಬೆರಳಿನ ಸೌಲಭ್ಯ ನೀಡಿತು. 2011ರಲ್ಲಿ ಅದೇ ಸಂಸ್ಥೆ 'ಲಯನ್' ಆವೃತ್ತಿಯಲ್ಲಿ ದಿಕ್ಕನ್ನೇ ತಿರುಗಿಸಿತು. ಮೇಜಿನ ಮೇಲಿನ ಹಾಳೆಯನ್ನು ಬೆರಳಿನಿಂದ ತಳ್ಳಿದಂತೆ, ಬೆರಳು ಹೋದತ್ತ ಪುಟವೂ ಹೋಗುವುದೇ ಈ 'ನ್ಯಾಚುರಲ್' ವಿಧಾನ. ಮೊಬೈಲ್ ರೂಢಿಯಾದವರಿಗೆ ಇದು ಸಹಜ. ಮೌಸ್ ಚಕ್ರಕ್ಕೆ ಒಗ್ಗಿದವರಿಗೆ ತಲೆಕೆಳಗು.

ಬದಲಿಸುವುದು ಹೇಗೆ?

ವಿಂಡೋಸ್ 11ರಲ್ಲಿ 'ಸೆಟ್ಟಿಂಗ್ಸ್' ತೆರೆದು 'ಬ್ಲೂಟೂತ್ ಆಂಡ್ ಡಿವೈಸಸ್', ಬಳಿಕ 'ಟಚ್‌ಪ್ಯಾಡ್' ಕ್ಲಿಕ್ಕಿಸಬೇಕು. 'ಸ್ಕ್ರೋಲ್ ಆಂಡ್ ಝೂಮ್' ಅಡಿಯಲ್ಲಿ ಎರಡು ಬೆರಳಿನ ಆಯ್ಕೆಗೆ ಗುರುತು ಹಾಕಬೇಕು. ದಿಕ್ಕಿನ ಆಯ್ಕೆಯೂ ಅಲ್ಲಿಯೇ ಇದೆ.

ಮ್ಯಾಕ್ ಬಳಸುವವರು 'ಸಿಸ್ಟಮ್ ಸೆಟ್ಟಿಂಗ್ಸ್'ನ 'ಟ್ರ್ಯಾಕ್‌ಪ್ಯಾಡ್' ವಿಭಾಗದಲ್ಲಿ 'ನ್ಯಾಚುರಲ್ ಸ್ಕ್ರೋಲಿಂಗ್' ಅನ್ನು ಬೇಕೆಂದಂತೆ ಇಟ್ಟುಕೊಳ್ಳಬಹುದು. ಆದರೆ ಇಲ್ಲಿ ಮಾಡಿದ ಬದಲಾವಣೆ ಮೌಸ್‌ಗೂ ಅನ್ವಯವಾಗುತ್ತದೆ. ಉಬುಂಟುವಿನಲ್ಲಿ 'ಮೌಸ್ ಆಂಡ್ ಟಚ್‌ಪ್ಯಾಡ್' ಪುಟ ತೆರೆದರಾಯಿತು. ಹಳೆಯ ಅಂಚಿನ ವಿಧಾನವೇ ಬೇಕೆನ್ನುವವರಿಗೆ ಅಲ್ಲಿ ಅವಕಾಶವಿದೆ.

ಬಾಣದ ಗುರುತೂ ಅಲುಗದಿದ್ದರೆ ಟಚ್‌ಪ್ಯಾಡ್ ಪೂರ್ತಿ ನಿಷ್ಕ್ರಿಯವಾಗಿರಬಹುದು. ಅನೇಕ ಮಾದರಿಗಳಲ್ಲಿ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಇದಕ್ಕೊಂದು ಕೀಲಿಯಿರುತ್ತದೆ. ಕೈತಪ್ಪಿ ಒತ್ತಿದರೂ ಸಾಕು. ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ಸ್ಥಗಿತಗೊಳ್ಳುವಂತೆ ಹೊಂದಿಸಿರುವ ಸಾಧ್ಯತೆಯೂ ಇದೆ. ಇವೆರಡೂ ಅಲ್ಲವಾದರೆ ತಯಾರಕರ ಜಾಲತಾಣದಿಂದ ಆಯಾ ಮಾದರಿಯ ಡ್ರೈವರ್ ಪಡೆದು ಅಳವಡಿಸಬೇಕು.

ಇದನ್ನು ಕಡೆಗಣಿಸಬಾರದು

ಒಂದು ಲಕ್ಷಣಕ್ಕೆ ಮಾತ್ರ ಸೆಟ್ಟಿಂಗ್ಸ್‌ನಲ್ಲಿ ಪರಿಹಾರವಿಲ್ಲ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಅಥವಾ ಒತ್ತಿದರೆ ಕೆಳಗಿಳಿಯದಿದ್ದರೆ, ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿರಬಹುದು. ಊದಿದ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅಂಥ ಲ್ಯಾಪ್‌ಟಾಪನ್ನು ಕೂಡಲೇ ಆರಿಸಿ, ಚಾರ್ಜರ್ ತೆಗೆಯಬೇಕು. ಅದನ್ನು ಒತ್ತುವುದಾಗಲೀ ಮನೆಯಲ್ಲೇ ಬಿಚ್ಚುವುದಾಗಲೀ ಸಲ್ಲದು. ದುರಸ್ತಿಗಾರರ ನೆರವು ನಿಜವಾಗಿ ಬೇಕಾಗುವುದು ಆಗಲೇ.