ಪರದೆಯಲ್ಲಿಲ್ಲದ ಹಳದಿ

ಭರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಭಂಡಾರದ ಅರಿಶಿನ. ಹಣೆಗೆ, ಮೆಟ್ಟಿಲಿಗೆ, ಚಕ್ಕಡಿ ಎತ್ತಿನ ಮೈಗೂ. ಆ ನೋಟವನ್ನು ಮೊಬೈಲಿನಲ್ಲಿ ಹಿಡಿದು, ಪರದೆಗೆ ಭೂತಗನ್ನಡಿ ಇಟ್ಟು ನೋಡಿ. ಹಳದಿ ದೀಪ ಒಂದೂ ಸಿಗುವುದಿಲ್ಲ. ಅಲ್ಲಿರುವುದು ಕೆಂಪು, ಹಸಿರು, ನೀಲಿ ಮಾತ್ರ. ನೀಲಿ ಆರಿ, ಕೆಂಪು ಹಸಿರು ಒಟ್ಟಿಗೆ ಉರಿದರೆ ಕಣ್ಣು ಅದನ್ನೇ ಅರಿಶಿನ ಎಂದು ಒಪ್ಪಿಕೊಂಡುಬಿಡುತ್ತದೆ. ನಮ್ಮ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಸುಮಾರು 60 ಲಕ್ಷ ಇದ್ದರೂ ಬಗೆ ಮೂರೇ. ಆ ಮೂರಕ್ಕೆ ಬೇಕಾದಷ್ಟು ಉಣಿಸಿದರೆ ಸಾಕು, ಬೆಳಕು ಎಲ್ಲಿಂದ ಬಂತೆಂದು ಅವು ಕೇಳುವುದಿಲ್ಲ.

ಆದರೆ ಮೂರೂ ದೀಪಕ್ಕೆ ಕಣ್ಣು ಒಂದೇ ಬೆಲೆ ಕಟ್ಟುವುದಿಲ್ಲ. ಪರದೆಯ ಬಿಳಿಯ ಹೊಳಪು 100 ಎಂದು ಹಿಡಿದರೆ ಅದರಲ್ಲಿ ಹಸಿರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು ಬರೀ 7. ಕೆಂಪು ಹಸಿರು ಕೂಡಿದ ಹಳದಿ 93ಕ್ಕೇರಿ ಬಿಳಿಯ ಮಗ್ಗುಲಲ್ಲೇ ಕೂರುತ್ತದೆ. ಕಂಪ್ಯೂಟರಿನಲ್ಲಿ ಭಂಡಾರದ ರಾಶಿ ಬಿಡಿಸುವವರನ್ನು ಕಾಡುವುದು ಇದೇ. ನೆರಳಿಗೆಂದು ಹಳದಿಗೆ ಕಪ್ಪು ಬೆರೆಸಿದರೆ ಅರಿಶಿನ ಹೋಗಿ ಪಾಚಿ ಬರುತ್ತದೆ. ಕಸುಬು ಬಲ್ಲವರು ಕೇಸರಿಯತ್ತ, ಕಂದಿನತ್ತ ವಾಲುತ್ತಾರೆ. ಬಣ್ಣವನ್ನೇ ಸರಿಸಿ ನೆರಳು ಮಾಡುತ್ತಾರೆ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಏಮಿ ಗೂಚ್ ಮತ್ತು ಸಂಗಡಿಗರು 1998ರಲ್ಲಿ ಇಂಥ ಜಾಣತನವನ್ನೇ ಸೂತ್ರಕ್ಕಿಳಿಸಿದರು. ಬೆಳಕಿಗೆ ಮುಖ ಮಾಡಿದ ಭಾಗಕ್ಕೆ ಬೆಚ್ಚನೆಯ ಹಳದಿ ಛಾಯೆ, ಬೆನ್ನು ಮಾಡಿದ ಭಾಗಕ್ಕೆ ತಣ್ಣನೆಯ ನೀಲಿ ಛಾಯೆ. ಅಚ್ಚ ಕಪ್ಪನ್ನು ಅಂಚುಗೆರೆಗೆ, ಅಚ್ಚ ಬಿಳಿಯನ್ನು ಮಿನುಗಿಗೆ ಮೀಸಲಿಟ್ಟರು. ಫೋಟೊದಂತೆ ಕಾಣಬೇಕೆಂಬ ಹಟ ಬಿಟ್ಟದ್ದರಿಂದಲೇ ಚಿತ್ರದ ಉಬ್ಬುತಗ್ಗು ಚೆನ್ನಾಗಿ ತಿಳಿಯಿತು.

ಇನ್ನು ಅಕ್ಷರದ ವಿಷಯ. ಬ್ರಿಟಿಷರ ವಿರುದ್ಧ 1824ರ ಅಕ್ಟೋಬರ್ 23ರಂದು ಪಡೆದ ಗೆಲುವಿನ ನೆನಪಿಗೆ ಕಿತ್ತೂರು ಉತ್ಸವ ಬಂತೆಂದರೆ ಸುತ್ತಲ ಊರುಗಳಲ್ಲಿ ರಾಣಿ ಚೆನ್ನಮ್ಮನ ಚಿತ್ರದ ಬ್ಯಾನರುಗಳೂ ಬರುತ್ತವೆ. ಕಡು ಹಸಿರಿನ ಮೇಲೆ ಕೆಂಪು ಅಕ್ಷರ ಬರೆಸುವ ಆಸೆ ಕೆಲವರಿಗೆ. ಲೆಕ್ಕ ಹಾಕಿ ನೋಡಿ: ಕಂಪ್ಯೂಟರಿನ ಅಳತೆಯಲ್ಲಿ ಕೆಂಪನ್ನು ಪೂರ್ತಿ 255ಕ್ಕೆ ಇಟ್ಟು, ಹಸಿರನ್ನು 148ಕ್ಕೆ ಇಳಿಸಿದರೆ ಎರಡರ ಹೊಳಪೂ ಒಂದೇ. ಬಣ್ಣ ಬೇರೆಯಾದರೂ ಅಂಚು ನಿಲ್ಲದೆ ಕಣ್ಣೆದುರೇ ಕುಣಿಯುತ್ತದೆ. ಗೆರೆಯ ಸೂಕ್ಷ್ಮ, ದೂರ ಹತ್ತಿರ, ಚಲನೆ ಇವೆಲ್ಲಕ್ಕೂ ಮಿದುಳು ಹೆಚ್ಚಾಗಿ ನೆಚ್ಚುವುದು ಹೊಳಪಿನ ಅಂತರವನ್ನು. ಅದೇ ಬ್ಯಾನರನ್ನು ಕಪ್ಪು ಬಿಳುಪಿಗೆ ತಿರುಗಿಸಿದರೆ ಅಕ್ಷರ ಹೆಚ್ಚೂಕಡಿಮೆ ನಾಪತ್ತೆ. ಕನ್ನಡ ಬಾವುಟದ ಹಳದಿ ಕೆಂಪಿನ ನಡುವೆ ಇಂಥ ತಕರಾರಿಲ್ಲ.

ಚಿತ್ರಕಾರ ಮೋನೆ 1872ರಲ್ಲಿ ಬರೆದ ಸೂರ್ಯೋದಯದ ಚಿತ್ರದಲ್ಲೂ ಇದೇ ಆಟ. ಕಿತ್ತಳೆ ಸೂರ್ಯ ಮಿಡಿದಂತೆ ಕಾಣುತ್ತಾನೆ. ಕಪ್ಪು ಬಿಳುಪಿನ ಪ್ರತಿಯಲ್ಲಿ ಮೋಡದೊಳಗೆ ಕರಗಿಹೋಗುತ್ತಾನೆ. ಬಣ್ಣದ ಅಂತರವನ್ನು ಬೂದುಬಣ್ಣಕ್ಕೆ ಒಯ್ದು ಅವನನ್ನು ಉಳಿಸುವ ವಿಧಾನವೊಂದನ್ನು 2005ರಲ್ಲಿ ಗೂಚ್ ತಂಡವೇ ಕಟ್ಟಿತು. ಮೋನೆಗೆ ಬೇಕಾಗಿದ್ದುದು ಆ ಅಸ್ಥಿರತೆ. ಬ್ಯಾನರಿಗೆ ಬೇಡ.

ಬಣ್ಣಕ್ಕಿಂತ ಹೊಳಪನ್ನು ನೆಚ್ಚುವ ಕಣ್ಣಿನ ಈ ಸ್ವಭಾವವನ್ನು ಚೆನ್ನಾಗಿ ದುಡಿಸಿಕೊಂಡದ್ದು, ಚಿತ್ರದ ಫೈಲನ್ನು ಹಿಂಡಿ ಚಿಕ್ಕದಾಗಿಸಲು 1992ರಿಂದ ಬಳಕೆಯಲ್ಲಿರುವ ಜೆಪೆಗ್. ಸಾಮಾನ್ಯವಾಗಿ ಅದು ಪ್ರತಿ ಚುಕ್ಕೆಯ ಹೊಳಪನ್ನು ಬೇರೆಬೇರೆಯಾಗಿ ಇಟ್ಟು, ನಾಲ್ಕು ಚುಕ್ಕೆಗೆ ಸೇರಿ ಒಂದೇ ಬಣ್ಣ ಬರೆದುಕೊಳ್ಳುತ್ತದೆ. ಮುಖ, ಬೆಟ್ಟ, ಆಕಾಶದಲ್ಲಿ ಕಳ್ಳತನ ಗೊತ್ತಾಗುವುದಿಲ್ಲ. ಬೈಲಹೊಂಗಲವೋ ರಾಮದುರ್ಗವೋ, ಯಾವ ಡಿಟಿಪಿ ಅಂಗಡಿಯಿಂದಾದರೂ ಬ್ಯಾನರಿನ ನಮೂನೆ ವಾಟ್ಸಾಪಿಗೆ ಬಂದಾಗ ಗೊತ್ತಾಗುತ್ತದೆ. ಕೆಂಪು ಅಕ್ಷರದ ಅಂಚಿನಿಂದ ಬಣ್ಣ ಹಿನ್ನೆಲೆಗೆ ಸೋರಿರುತ್ತದೆ. "ಅಕ್ಷರ ಯಾಕ್ರೀ ಅಣ್ಣಾ, ಹಿಂಗ ಮಸಕಾಗ್ಯಾವ?" ಎಂದು ಗಿರಾಕಿ ಕೇಳಿದರೆ, "ತಡ್ರೀ, ಡಾಕ್ಯುಮೆಂಟ್ ಮಾಡಿ ಕಳಸ್ತೀನಿ" ಎಂಬ ಉತ್ತರದಲ್ಲಿ ತಪ್ಪಿಲ್ಲ. ಹಾಗೆ ಕಳಿಸಿದ ಫೈಲನ್ನು ವಾಟ್ಸಾಪು ಮತ್ತೆ ಹಿಂಡುವುದಿಲ್ಲ. ಆದರೆ ಅಂಗಡಿಯವರು ಮೊದಲೇ ಜೆಪೆಗ್ ಮಾಡಿಟ್ಟಿದ್ದರೆ ಸೋರುವುದು ಆಗಲೇ ಸೋರಿರುತ್ತದೆ, ಪಿಎನ್‌ಜಿ ಕೇಳಿ.