ಔಷಧ ಚೀಟಿಯ ಶಾರ್ಟ್‌ಫಾರ್ಮ್: ಒಂದು ಅಕ್ಷರ ಸೊನ್ನೆಯಂತೆ ಕಂಡರೆ ಡೋಸ್ ಹತ್ತು ಪಟ್ಟು!

‘ಡಾಕ್ಟರ ಚೀಟಿ ನಮಗೆ ಅರ್ಥವಾಗಬೇಕಿಲ್ಲ, ಮೆಡಿಕಲ್‌ನವರಿಗೆ ಗೊತ್ತಾದರೆ ಸಾಕು’ ಎಂಬ ಮಾತು ನೀವೂ ಕೇಳಿರಬಹುದು. ಇದು ಪೂರ್ತಿ ನಿಜವಲ್ಲ.

ಪುತ್ತೂರು, ಸುಳ್ಯ, ಕಡಬದ ಅನೇಕರು ಮಂಗಳೂರಿನ ತಜ್ಞರಿಗೆ ತೋರಿಸಿ, ಮಾತ್ರೆಯನ್ನು ಊರಲ್ಲೇ ಕೊಳ್ಳುತ್ತಾರೆ. ಬರೆದವರು ಒಂದು ಕಡೆ, ಓದುವವರು ಇನ್ನೊಂದು ಕಡೆ. ಅನುಮಾನ ಬಂದರೆ ಅಲ್ಲೇ ಕೇಳಲು ಆಗುವುದಿಲ್ಲ.

ತಪ್ಪು ಎಲ್ಲಿ ಆಗುತ್ತದೆ?

• ಇನ್ಸುಲಿನ್: ಯೂನಿಟ್ ಎನ್ನಲು ಇಂಗ್ಲಿಷ್‌ನ ‘ಯು’ ಅಕ್ಷರವಷ್ಟೇ ಬರೆದರೆ ಅದು ಸೊನ್ನೆಯಂತೆ ಕಾಣಬಹುದು. ಆಗ 10 ಯೂನಿಟ್ 100 ಆಗುತ್ತದೆ. ಸಕ್ಕರೆ ಅಂಶ ಕುಸಿದು ಜೀವಕ್ಕೇ ಅಪಾಯ.
• ಚುಕ್ಕಿ: ‘.5’ ಎಂಬುದು 5 ಆಗಿ, ‘5.0’ ಎಂಬುದು 50 ಆಗಿ ಕಾಣಬಹುದು. 0.5 ಮತ್ತು 5 ಎಂದು ಬರೆಯುವುದೇ ಸರಿ.
• ಒಡಿ: ಸಾಮಾನ್ಯವಾಗಿ ದಿನಕ್ಕೊಮ್ಮೆ. ಕಣ್ಣಿನ ಚೀಟಿಯಲ್ಲಿ ಬಲಗಣ್ಣು!

ಮೊದಲ ಎರಡನ್ನು ಬಳಸಲೇಬಾರದೆಂದು ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲೇ ಪಟ್ಟಿ ಮಾಡಿತು. ನಮ್ಮಲ್ಲೂ ಔಷಧದ ಜನರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ತಂದಿತು.

ನೀವೇನು ಮಾಡಬೇಕು?

ವೈದ್ಯರ ಕೋಣೆಯಿಂದ ಹೊರಡುವ ಮುನ್ನ ಕೇಳಿ: ಯಾವುದಕ್ಕೆ, ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ? ಇನ್ಸುಲಿನ್ ಇದ್ದರೆ ‘ಯೂನಿಟ್’ ಎಂದು ಪೂರ್ತಿ ಬರೆಸಿಕೊಳ್ಳಿ. ಮೆಡಿಕಲ್‌ನಲ್ಲಿ ಮಾತ್ರೆಯ ಕವರಿನ ಮೇಲೆ ಕನ್ನಡದಲ್ಲೇ ಬರೆಸಿ. ಹಳೆಯ ಡೋಸ್‌ಗೂ ಹೊಸದಕ್ಕೂ ದೊಡ್ಡ ವ್ಯತ್ಯಾಸ ಕಂಡರೆ, ತೆಗೆದುಕೊಳ್ಳುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ.

ವಾಟ್ಸಾಪ್‌ನ ‘ಫುಲ್‌ಫಾರ್ಮ್ ಪಟ್ಟಿ’ ನೋಡಿ ನೀವೇ ಅರ್ಥ ಮಾಡಿಕೊಳ್ಳಬೇಡಿ. ಒಂದೇ ಅಕ್ಷರಕ್ಕೆ ಎರಡು ಅರ್ಥವಿರುತ್ತದೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ ಇದನ್ನು ಅವರಿಗೆ ಓದಿ ಹೇಳಿ.